ಬಿಳಿಯ ಪಂಚೆಯ ಮುಂದೆ

ನಿವೃತ್ತನಾದ ಗೃಹಸ್ಥನಿಗೆ ಹಿಡಿಯಬಹುದಾದ ಹುಚ್ಚುಗಳಲ್ಲಿ ಛಾಯಾಗ್ರಹಣವು ತಕ್ಕಮಟ್ಟಿಗೆ ನಿರಪಾಯಕರವಾದುದೆಂದೂ ರಾಜಕೀಯವು ಸರ್ವಥಾ ವರ್ಜ್ಯವಾದುದೆಂದೂ ನನ್ನ ಶ್ರೀಮತಿಯವರ ದೃಢವಾದ ಅಭಿಪ್ರಾಯ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮನೆಯೊಳಕ್ಕೆ ತರುವ ಉಪಾಯವೂ ಒಂದುಂಟೆಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಆದುದರಿಂದ, ಟೆಕ್ಸಾಸಿನ ಡ್ಯಾಲಸ್, ಆಸ್ಟಿನ್, ಹ್ಯೂಸ್ಟನ್ ಈ ಮೂರೂ ಕಡೆಯ ಮತದಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಅವರ ಭಾವಚಿತ್ರಗಳನ್ನು ತೆಗೆಯಬೇಕೆಂದು ಸಂಕಲ್ಪಿಸಿರುವೆನೆಂದು ಒಂದು ಸಂಜೆ ನಾನು ಅರುಹಿದಾಗ, ಅವರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟು, "ಯಾವ ಪಾರ್ಟಿಯೋರದ್ದು?" ಎಂದರು.

"ಅದನ್ನು ಕೇಳುವುದಿಲ್ಲ" ಎಂದೆ.

"ಕೇಳದೆ ಹೋದರೆ ಅದರಲ್ಲಿ ರಾಜಕೀಯ ಎಲ್ಲಿ ಬಂತು? ಬರೀ ಫೋಟೋ ಆಯಿತಲ್ಲ!"

ಈ ಆಕ್ಷೇಪಣೆಗೆ ಆ ಕ್ಷಣದಲ್ಲಿ ನನ್ನಲ್ಲಿ ಸಮಾಧಾನವಿರಲಿಲ್ಲ. ಸಾವಕಾಶವಾಗಿ ಒದಗಿದ ಸಮಾಧಾನವೇ ಈ ಪ್ರಬಂಧವೆಂದು ವಾಚಕರು ಭಾವಿಸಬಹುದು. ಶ್ರೀಮತಿಯವರ ಪಾಲಿಗೆ ಅದು ಸಮಾಧಾನವಾದೀತೋ ಇಲ್ಲವೋ ನಾನರಿಯೆ.

ನಾವಿರುವ ಊರು ಫ್ಲವರ್ ಮೌಂಡ್. ಡ್ಯಾಲಸ್ ನಗರಕ್ಕೆ ವಾಯವ್ಯದಲ್ಲಿ, ಬಹುಮಟ್ಟಿಗೆ ಡೆಂಟನ್ ಕೌಂಟಿಯೊಳಗೆ, ಗ್ರೇಪ್‌ವೈನ್ ಸರೋವರದ ಉತ್ತರಕ್ಕೆ ಹರಡಿಕೊಂಡಿದೆ. ಊರಿಗೆ ಆ ಹೆಸರನ್ನಿತ್ತ ದಿಬ್ಬವು ಈಗಲೂ ಇದೆ: ಸುಮಾರು 50 ಅಡಿ ಎತ್ತರ, ಹತ್ತು ಹನ್ನೆರಡು ಎಕರೆ ವಿಸ್ತಾರ, ಸುತ್ತಲೂ ಅಂಗಡಿಸಾಲುಗಳು, ವಸಂತದಲ್ಲಿ ಮೈತುಂಬ ಕಾಡುಹೂಗಳು. ಚಾಮುಂಡಿಬೆಟ್ಟದ ನೆರಳಿನಲ್ಲಿ ಬೆಳೆದವನಾದ ನನಗೆ ಅದನ್ನು ಬೆಟ್ಟವೆನ್ನಲು ನಾಲಗೆ ಬಾರದಿದ್ದರೂ, ಇಷ್ಟು ಬೆಲೆಬಾಳುವ ನೆಲದ ನಡುವೆ ಅದೊಂದನ್ನು ಯಾರೂ ಕಟ್ಟಡ ಕಟ್ಟಿ ಕೆಡಿಸದೆ ಉಳಿಸಿದ್ದಾರೆಂಬ ಕಾರಣಕ್ಕಾಗಿ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ. ನೆರೆಯ ಅರ್ವಿಂಗ್ ನಗರವು ತನ್ನನ್ನು ಕಬಳಿಸೀತೆಂಬ ಭೀತಿಯಿಂದ 1961ರಲ್ಲಿ ಈ ಗ್ರಾಮವು ತಾನೇ ಒಂದು ಪಟ್ಟಣವೆಂದು ಘೋಷಿಸಿಕೊಂಡಿತು. 2020ರ ಜನಗಣತಿಯ ವೇಳೆಗೆ ಇಲ್ಲಿ ಸುಮಾರು 76 ಸಾವಿರ ಜನ. ರಿಚರ್ಡ್‌ಸನ್ನಿನ ದೂರವಾಣಿ ಕಂಪನಿಗಳಲ್ಲಿ ದುಡಿದು ತಲೆ ನರೆಸಿಕೊಂಡ ನನ್ನಂಥ ಕೆಲವರು ಆ ಎಣಿಕೆಯಲ್ಲಿ ಸೇರಿದ್ದಾರೆ.

ಎಣಿಕೆಯೆಂದೆನಲ್ಲ, ನನ್ನ ಹುಚ್ಚಿನ ಮೂಲವಿರುವುದು ಅಲ್ಲಿಯೇ. ಈ ನಾಡಿನಲ್ಲಿ ರಾಜಕೀಯ ಪರಿವರ್ತನೆಯನ್ನು ಕುರಿತು ಮಾತನಾಡುವವರೆಲ್ಲ ಅಂಕಿಗಳಲ್ಲಿ ಮಾತನಾಡುತ್ತಾರೆ. ಅಧ್ಯಕ್ಷ ಪದವಿಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷವು ಟೆಕ್ಸಾಸಿನಲ್ಲಿ 2016ರಲ್ಲಿ ಶೇಕಡಾ 9ರ ಅಂತರದಿಂದ ಗೆದ್ದಿತು. 2020ರಲ್ಲಿ ಆ ಅಂತರ 6ಕ್ಕಿಂತ ಕೆಳಗಿಳಿಯಿತು. ನಮ್ಮ ಡೆಂಟನ್ ಕೌಂಟಿಯಲ್ಲಂತೂ ಅದೇ ನಾಲ್ಕು ವರ್ಷಗಳಲ್ಲಿ 20ರಿಂದ 8ಕ್ಕೆ ಕುಸಿಯಿತು. ಇನ್ನೇನು ಟೆಕ್ಸಾಸ್ ಡೆಮೊಕ್ರಾಟರ ಪಾಲಾಯಿತೆಂದು ಪಂಡಿತರು ಭೂಪಟಕ್ಕೆ ನೀಲಿ ಬಳಿಯಲು ಕುಂಚವನ್ನದ್ದಿಕೊಂಡು ಕುಳಿತರು. 2024ರಲ್ಲಿ ರಾಜ್ಯದ ಅಂತರವು ಸುಮಾರು 14ಕ್ಕೆ ನೆಗೆಯಿತು, ಕುಂಚಗಳನ್ನು ತೊಳೆದಿಟ್ಟರು. ಈ ಲೆಕ್ಕದ ಕಾಗದಗಳಲ್ಲಿ ನಮಗೂ ಒಂದು ಅಂಕಣವುಂಟು: ಭಾರತೀಯ ಮೂಲದವರು, ಇಂತಿಷ್ಟು ಮಂದಿ, ಇಂಥ ಕಡೆಗೆ ವಾಲುವವರು. ತಿಪಟೂರಿನಿಂದ ಬಂದ ಅಜ್ಜಿಯೂ ಆಸ್ಟಿನ್ನಿನಲ್ಲಿ ಓದುವ ಹುಡುಗಿಯೂ ಅಲ್ಲಿ ಒಂದೇ ಅಂಕಣದಲ್ಲಿ ಕೂಡಿಕೊಂಡು ಒಂದು ಮೊತ್ತವಾಗುತ್ತಾರೆ. ಆ ಮೊತ್ತವನ್ನು ಬಿಡಿಸಿ, ಒಳಗಿನ ಮುಖಗಳನ್ನು ಒಂದೊಂದಾಗಿ ಹೊರತೆಗೆಯಬಾರದೇಕೆ ಎನ್ನಿಸಿತು.

ಮತಗಟ್ಟೆಯ ಬಾಗಿಲಲ್ಲಿಯೇ ನಿಂತು ಚಿತ್ರ ತೆಗೆಯುವುದು ಸುಲಭವಾದ ಮಾರ್ಗವಲ್ಲವೇ ಎಂದು ಸ್ನೇಹಿತರು ಕೇಳಿದರು. ಅದಕ್ಕೆ ಕಾನೂನು ಅಡ್ಡ ಬರುತ್ತದೆ, ಅದೂ ಬಹು ವಿಚಿತ್ರವಾದ ರೀತಿಯಲ್ಲಿ. ಟೆಕ್ಸಾಸಿನ ಶಾಸನಸಭೆಯು 2011ರಲ್ಲಿ ಅಂಗೀಕರಿಸಿದ, 2013ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಮತದಾರನು ನಿಗದಿಯಾದ ಏಳು ಬಗೆಯ ಗುರುತಿನ ಪತ್ರಗಳಲ್ಲಿ ಒಂದನ್ನು ತೋರಿಸತಕ್ಕದ್ದು. ಏಳರಲ್ಲಿಯೂ ಅವನ ಭಾವಚಿತ್ರವಿರತಕ್ಕದ್ದು. (ತೋರಿಸಲಾಗದವರಿಗೆ ಕಾರಣವನ್ನು ಬರೆದುಕೊಡುವ ಮಾರ್ಗವು ಆಮೇಲೆ ಬಂದಿತು.) ಅಂದರೆ ಮುಖವಿಲ್ಲದೆ ಒಳಗೆ ಪ್ರವೇಶವಿಲ್ಲ. ಒಳಹೊಕ್ಕಮೇಲಾದರೋ, ಮತಯಂತ್ರದಿಂದ 100 ಅಡಿಯೊಳಗೆ ಯಾವ ಯಂತ್ರದಿಂದಲೂ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ದಾಖಲಿಸಕೂಡದು. ಕಾನೂನು ನಮ್ಮ ಪಟವನ್ನು ಹೊಸ್ತಿಲಲ್ಲಿ ಒಮ್ಮೆ ದಿಟ್ಟಿಸಿ ನೋಡಿ, ಆ ಬಳಿಕ ನಮ್ಮ ಮುಖವನ್ನು ಮರೆತುಬಿಡುತ್ತದೆ. ಹಾಗೆ ಮರೆಯುವುದೇ ಗುಪ್ತಮತದಾನದ ಜೀವಾಳ. ತಾಯ್ನಾಡಿನಲ್ಲಿಯೂ 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಅವರ ಹಠದಿಂದ ಮತದಾರರಿಗೆ ಫೋಟೋ ಸಹಿತವಾದ ಗುರುತಿನ ಚೀಟಿ ಬಂದಿತೆಂಬುದನ್ನು ಬಲ್ಲೆ. ಆ ಚೀಟಿಯಲ್ಲಿ ನಮ್ಮ ಸೋದರಮಾವನವರ ಮುಖವು ಅವರನ್ನು ಹೋಲದೆ, ಅವರು ಜನ್ಮವಿಡೀ ವ್ಯಾಜ್ಯವಾಡಿದ ದಾಯಾದಿಯನ್ನೇ ಯಥಾವತ್ತಾಗಿ ಹೋಲುತ್ತಿದ್ದುದನ್ನೂ ಬಲ್ಲೆ.

ನಾನು ಆರಿಸಿಕೊಂಡ ರೀತಿಗೆ ಗುರುಗಳಿಬ್ಬರು, ಮತ್ತು ಆ ಇಬ್ಬರಿಗೂ ಪರಸ್ಪರ ಒಪ್ಪಿಗೆಯಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಕಣ್ಣು ತೆರೆದ ಪೀಳಿಗೆ ನಮ್ಮದು. ಅವರ ಜನ ಕ್ಯಾಮೆರಾದ ಗೊಡವೆಯಿಲ್ಲದೆ ತಂತಮ್ಮ ಬಾಳಿನಲ್ಲಿ ಮಗ್ನರಾಗಿರುತ್ತಾರೆ. ಇದಕ್ಕೆ ತದ್ವಿರುದ್ಧವಾದವರು ರಿಚರ್ಡ್ ಅವೆಡಾನ್. ನಮ್ಮ ಊರಿಗೆ ಸಮೀಪವಾದ ಫೋರ್ಟ್‌ವರ್ತಿನ ಏಮನ್ ಕಾರ್ಟರ್ ವಸ್ತುಸಂಗ್ರಹಾಲಯದ ಆಹ್ವಾನವನ್ನು ಮನ್ನಿಸಿ ಅವರು 1979ರಿಂದ 1984ರವರೆಗೆ ಪಶ್ಚಿಮದ ರಾಜ್ಯಗಳನ್ನೆಲ್ಲ ತಿರುಗಿ, ಗಣಿಯಾಳುಗಳನ್ನೂ ಕಸಾಯಿಖಾನೆಯ ಕೆಲಸಗಾರರನ್ನೂ ಅಲೆಮಾರಿಗಳನ್ನೂ, ಸ್ವೀಟ್‌ವಾಟರ್ ಎಂಬ ಟೆಕ್ಸಾಸಿನ ಊರಿನಲ್ಲಿ ಹಾವಿನ ಚರ್ಮ ಸುಲಿಯುವ ಹದಿಮೂರು ವರ್ಷದ ಬಾಲಕನನ್ನೂ, ನೆರಳಿನಲ್ಲಿ ತೂಗುಹಾಕಿದ ಬಿಳಿಯ ಕಾಗದದ ಮುಂದೆ ನಿಲ್ಲಿಸಿ ನೇರವಾಗಿ ಕ್ಯಾಮೆರಾವನ್ನು ನೋಡಿಸಿದರು. ಊರಿಲ್ಲ, ಮನೆಯಿಲ್ಲ, ಹಿನ್ನೆಲೆಯೆಂಬುದಿಲ್ಲ. ಇರುವುದೆಲ್ಲ ಮನುಷ್ಯ ಮಾತ್ರ. ಅವೆಡಾನರ ಕೊನೆಯ ಕೆಲಸವೂ ಮತದಾನವನ್ನು ಕುರಿತದ್ದೇ ಎಂಬುದು ನನಗೆ ಆಮೇಲೆ ತಿಳಿದು ಮೈ ಜುಮ್ಮೆಂದಿತು. 2004ರ ಚುನಾವಣೆಯ ವರ್ಷದಲ್ಲಿ 'ನ್ಯೂಯಾರ್ಕರ್' ಪತ್ರಿಕೆಗಾಗಿ ಪ್ರಜಾಪ್ರಭುತ್ವದ ಮುಖಗಳನ್ನು ಸಂಗ್ರಹಿಸುತ್ತ ಬಂದ ಅವರು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಅಕ್ಟೋಬರ್ 1ರಂದು ಇದೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಕೆಲಸವು ಅಪೂರ್ಣವಾಗಿಯೇ ಅಚ್ಚಾಯಿತು.

ನನ್ನಲ್ಲಿ ಅವೆಡಾನರ ಬೃಹತ್ ಕ್ಯಾಮೆರಾವೂ ಇಲ್ಲ, ಸಹಾಯಕರ ತಂಡವೂ ಇಲ್ಲ. ಇದ್ದುದು ನನ್ನ ಷಷ್ಟ್ಯಬ್ದಿಯಲ್ಲಿ ಬಂದ ಮೇಲುಕೋಟೆಯ ಬಿಳಿಯ ಪಂಚೆ. ನಮ್ಮ ಗ್ಯಾರೇಜು ಉತ್ತರಾಭಿಮುಖವಾದುದರಿಂದ, ಅದರ ಅಗಲವಾದ ಬಾಗಿಲನ್ನು ಮೇಲೆತ್ತಿ, ಕಾರನ್ನು ಹೊರಕ್ಕೆ ದಬ್ಬಿ, ಒಳಗೋಡೆಗೆ ಪಂಚೆಯನ್ನು ಬಿಗಿದರೆ, ಯಾವ ಸ್ಟುಡಿಯೋದವನೂ ಹಣಕೊಟ್ಟು ಪಡೆಯಲಾರದಂಥ ಮೃದುವಾದ ಬೆಳಕು ಕುಳಿತವರ ಮೇಲೆ ಬೀಳುತ್ತದೆ. ಒಂದು ತೊಡಕುಂಟು: ಹಿಂದೆ ಇಷ್ಟೊಂದು ಬಿಳುಪು ಕಂಡೊಡನೆ ಕ್ಯಾಮೆರಾದ ಬೆಳಕಿನ ಮಾಪಕವು ಭ್ರಮೆಗೊಂಡು, ನಮ್ಮಂಥವರ ಮುಖವನ್ನು ಇನ್ನಷ್ಟು ಕಪ್ಪಾಗಿಸಿಬಿಡುತ್ತದೆ, ಅದರ ಮಾತನ್ನು ಕೇಳದೆ ಒಂದೂವರೆ ಪಟ್ಟಿನಷ್ಟು ಬೆಳಕನ್ನು ಹೆಚ್ಚಾಗಿ ಒಳಬಿಡಬೇಕು. ಬಿಳಿಯದರ ಪಕ್ಕದಲ್ಲಿಟ್ಟು ನಮ್ಮನ್ನು ಅಳೆಯುವ ಪದ್ಧತಿ ಈ ದೇಶದಲ್ಲಿ ಕ್ಯಾಮೆರಾದಿಂದ ಪ್ರಾರಂಭವಾದದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬುವರಿಗೆ ಪೌರತ್ವವಿಲ್ಲವೆಂದು 1923ರಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು, ಅವರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲವೆಂಬ ಒಂದೇ ಕಾರಣಕ್ಕಾಗಿ. ಭಾರತೀಯರು ಪೌರರಾಗಬಹುದೆಂಬ ಕಾಯಿದೆ ಬಂದದ್ದು 1946ರಲ್ಲಿ; ಅದಾಗಿ ಹತ್ತೇ ವರ್ಷಗಳಲ್ಲಿ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಚುನಾಯಿತರಾದರು.

ನನ್ನ ವಿಧಾನ ಇಷ್ಟೆ. ಕುಳಿತವರು ಸಾವರಿಸಿಕೊಂಡಮೇಲೆ, "ಕಡೆಯ ಸಲ ಓಟು ಹಾಕಿದ್ದನ್ನು ನೆನೆಸಿಕೊಳ್ಳಿ, ಯಾರಿಗೆಂದು ಮಾತ್ರ ಹೇಳಬೇಡಿ" ಎನ್ನುತ್ತೇನೆ. ಮುಗುಳ್ನಗೆಯನ್ನು ಸಿದ್ಧಮಾಡಿಕೊಂಡು ಬಂದವರು ಅದನ್ನು ಮರೆಯುತ್ತಾರೆ.

ಮೊದಲು ಬಂದು ಕುಳಿತವರು ನಮ್ಮ ಬೀದಿಯ ಹಿರಿಯರು, ಊರು ಪಟ್ಟಣವಾಗುವುದಕ್ಕೆ ಮುಂಚೆ ಇಲ್ಲಿ ಹೊಲವಿಟ್ಟುಕೊಂಡಿದ್ದ ಮನೆತನದವರು. ಅಂಗಿಯ ಜೇಬಿನಿಂದ ಅವರು ತೆಗೆದ ಹಳದಿಯಾದ ಚೀಟಿಯು 1963ರ ತಲೆಗಂದಾಯದ ರಸೀದಿ: ಒಂದು ಡಾಲರು 75 ಸೆಂಟು. 1902ರಿಂದ ಆರು ದಶಕಗಳ ಮೇಲ್ಪಟ್ಟು ಈ ರಾಜ್ಯದಲ್ಲಿ ಆ ಕಂದಾಯ ತೆತ್ತವರಿಗಷ್ಟೆ ಮತ; ಬಡವರನ್ನೂ ಕಪ್ಪುಜನರನ್ನೂ ಮೆಕ್ಸಿಕನ್ ಮೂಲದವರನ್ನೂ ದೂರವಿಡಲು ಅಷ್ಟು ಸಾಕಾಗಿತ್ತು. ಸಾಲದೆಂದು, ಡೆಮೊಕ್ರಾಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಲ್ಲದವರಿಗೆ ಪ್ರವೇಶವನ್ನೇ ನಿಷೇಧಿಸಿದ್ದರು. ಆ ಪಕ್ಷವೊಂದೇ ಆಳುತ್ತಿದ್ದ ಕಾಲದಲ್ಲಿ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆಯಾಗಿದ್ದುದರಿಂದ, ಹ್ಯೂಸ್ಟನ್ನಿನ ಕಪ್ಪುಜನಾಂಗದ ದಂತವೈದ್ಯ ಲೋನಿ ಸ್ಮಿತ್ ನ್ಯಾಯಾಲಯದ ಮೆಟ್ಟಿಲು ಹತ್ತಿ, 1944ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಆ ನಿಷೇಧವನ್ನು ಮುರಿಸಬೇಕಾಯಿತು. ರಾಜ್ಯದ ಚುನಾವಣೆಗಳಲ್ಲಿ ಕಂದಾಯವು ತೊಲಗಿದ್ದು 1966ರಲ್ಲಿ. (ಪ್ರಸಂಗವಶಾತ್ ಒಂದು ಮಾತು: ಇಷ್ಟೆಲ್ಲ ಕಾವಲಿದ್ದ ಕಾಲದಲ್ಲಿಯೇ, 1948ರಲ್ಲಿ, ಲಿಂಡನ್ ಜಾನ್ಸನ್ ಸೆನೆಟ್ಟಿನ ಪ್ರಾಥಮಿಕ ಚುನಾವಣೆಯನ್ನು ಕೇವಲ 87 ಮತಗಳಿಂದ ಗೆದ್ದರು, 13ನೆಯ ಸಂಖ್ಯೆಯ ಪೆಟ್ಟಿಗೆಗೆ ಸಂಬಂಧಿಸಿದ ಪಟ್ಟಿಯಲ್ಲಿ ಕಟ್ಟಕಡೆಗೆ ಸೇರಿದ 202 ಹೆಸರುಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಅಕಾರಾದಿಯಾಗಿ ಬಂದು ಮತ ಹಾಕಿದ್ದವೆಂದು ಪ್ರತೀತಿ. ಆ ಪೆಟ್ಟಿಗೆಯನ್ನು ಕಾರಿನ ಮೂತಿಯ ಮೇಲಿಟ್ಟುಕೊಂಡು ಕೆಲವರು ಹೆಮ್ಮೆಯಿಂದ ತೆಗೆಸಿಕೊಂಡ ಫೋಟೋವೊಂದು ಉಳಿದಿದೆ. ಅದೇ ಜಾನ್ಸನ್ 1965ರಲ್ಲಿ ಅಧ್ಯಕ್ಷರಾಗಿ ಮತದಾನದ ಹಕ್ಕಿನ ಮಹಾಶಾಸನಕ್ಕೆ ಸಹಿ ಹಾಕಿದರೆಂಬುದನ್ನು ನೆನೆದಾಗ, ಮನುಷ್ಯನನ್ನು ಕುರಿತು ತೀರ್ಪು ಕೊಡುವ ಆತುರ ನನಗೆ ತಗ್ಗುತ್ತದೆ.)

ಕೇಳಬಾರದೆಂಬುದು ನನ್ನ ನಿಯಮವೇ ಹೊರತು, ಹೇಳಬಾರದೆಂಬುದು ಅವರ ನಿಯಮವಲ್ಲವಷ್ಟೆ. ಹಿರಿಯರು ತಾವಾಗಿಯೇ ಹೇಳತೊಡಗಿದರು: ತಂದೆ ಹೇಳಿದಂತೆ ಡೆಮೊಕ್ರಾಟರಿಗೆ ಹಾಕಿದ್ದು, 1961ರಲ್ಲಿ ಜಾನ್ ಟವರ್ ಎಂಬ ರಿಪಬ್ಲಿಕನ್ ಸೆನೆಟ್ಟಿಗೆ ಗೆದ್ದಾಗ ತಂದೆ ಊಟ ಬಿಟ್ಟದ್ದು, ಮುಂದೆ ತಾವೇ ಆ ಕಡೆಗೆ ಹೊರಳಿದ್ದು, ಆ್ಯನ್ ರಿಚರ್ಡ್ಸ್ ರಾಜ್ಯಪಾಲೆಯಾಗಲೆಂದು ಒಮ್ಮೆ ಹಿಂತಿರುಗಿದ್ದು, ಪುನಃ ಹೊರಳಿದ್ದು. 1994ರಿಂದೀಚೆಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದು ಸ್ಥಾನವನ್ನೂ ಡೆಮೊಕ್ರಾಟರು ಗೆದ್ದಿಲ್ಲ. ಆ ಮಹಾಪರಿವರ್ತನೆಯೆಲ್ಲ ನನ್ನ ಮಡಚುವ ಕುರ್ಚಿಯ ಮೇಲೆ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಿತ್ತು. ಹೀಗೆ ಹೇಳುತ್ತ ಹೇಳುತ್ತ ಕಡೆಯ ಚುನಾವಣೆಗೆ ಬಂದವರು ಥಟ್ಟನೆ ಬಾಯಿ ಮುಚ್ಚಿದರು. ನಾನು ಗುಂಡಿ ಒತ್ತಿದೆ. ನನ್ನ ಶ್ರೀಮತಿಯವರು ಎಲ್ಲಿ ಬಂತೆಂದು ಕೇಳಿದ ರಾಜಕೀಯವು ಆ ಮುಚ್ಚಿದ ತುಟಿಗಳಲ್ಲಿ ಬಂದಿದೆ. ಇನ್ನೊಬ್ಬರಿಗೆ ಕೊಡದೆ ತನ್ನಲ್ಲಿಯೇ ಇರಿಸಿಕೊಳ್ಳಬಹುದಾದ ನಿರ್ಣಯವೊಂದು ತನಗುಂಟೆಂಬ ಅರಿವು ಮನುಷ್ಯನ ಮುಖಕ್ಕೆ ಒಂದು ಬಗೆಯ ಯಜಮಾನಿಕೆಯನ್ನು ಕೊಡುತ್ತದೆ. ಯಾವ ಪಕ್ಷಕ್ಕೆ ಹಾಕಿದರೆಂದು ತಿಳಿದೊಡನೆ ನೋಡುವವನ ಕಣ್ಣು ಮುಖವನ್ನು ಬಿಟ್ಟು ಬಣ್ಣವನ್ನು ನೋಡತೊಡಗುತ್ತದೆ.

ಸ್ನೇಹಿತರ ತಾಯಿ, ತಿಪಟೂರಿನ ಕಡೆಯವರು, ಇಳಿವಯಸ್ಸಿನಲ್ಲಿ ಇಲ್ಲಿಯ ಪೌರರಾದವರು, ಸೆರಗನ್ನು ಎರಡು ಹೆಗಲಿಗೂ ಹೊದ್ದು ಕುಳಿತು, ನಾನು ಹೇಳಬೇಕಾದುದನ್ನು ಹೇಳುವ ಮೊದಲೇ ದೂರು ತೆಗೆದರು.

"ಬೆರಳಿಗೆ ಮಸಿ ಹಚ್ಚಲೇ ಇಲ್ಲ ಕಣಪ್ಪ! ಒಂದು ಚೀಟಿ ಅಂಟಿಸಿ ಕಳಿಸಿಬಿಟ್ರು. ನಾನು ಹೋಗಿ ಇನ್ನೊಂದು ಹಾಕಿ ಬಂದ್ರೆ ಇವರಿಗೆ ಹೆಂಗೆ ಗೊತ್ತಾಗುತ್ತೆ?"

"ಕಂಪ್ಯೂಟರಿನಲ್ಲಿ ಇರುತ್ತದಮ್ಮ" ಎಂದೆ.

"ಕಂಪ್ಯೂಟರು ಇವರದು. ಬೆರಳು ನನ್ನದು."

ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹುಡುಕಿದ ಮಸಿಯಾದರೋ ನನ್ನೂರಿನದೇ: ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಅರಗಿನ ಕಾರ್ಖಾನೆ, ಇಂದಿನ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ, 1962ರ ಮಹಾಚುನಾವಣೆಯಿಂದ ಇಡೀ ಭಾರತಕ್ಕೆ ಅದನ್ನು ಒದಗಿಸುತ್ತಿದೆ. ಅಜ್ಜಿಯ ತಾಯಿಯ ಕಾಲದಲ್ಲಿ, 1951–52ರ ಪ್ರಥಮ ಚುನಾವಣೆಯಲ್ಲಿ, ಉತ್ತರದ ಪ್ರಾಂತಗಳ ಸುಮಾರು 28 ಲಕ್ಷ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದುದರಿಂದ, ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಈ ಅಜ್ಜಿ ತಮ್ಮ ಹೆಸರನ್ನು ಮೂರು ಬಾರಿ ಹೇಳಿ, ನಾನು ಬರೆದುಕೊಂಡದ್ದನ್ನು ಕನ್ನಡಕವೇರಿಸಿ ತಿದ್ದಿದರು.

ಆಸ್ಟಿನ್ನಿಗೆ ನಾಲ್ಕು ಗಂಟೆಯ ಪಯಣ. ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಾರ್ಬರಾ ಜೋರ್ಡನ್ ಅವರ ಪ್ರತಿಮೆಯ ಸಮೀಪದ ಮರಗಳ ನಡುವೆ ಪಂಚೆಯನ್ನು ಕಟ್ಟಿದೆ. 1966ರಲ್ಲಿ, ತಲೆಗಂದಾಯ ತೊಲಗಿದ ವರ್ಷವೇ, ಹ್ಯೂಸ್ಟನ್ನಿನಿಂದ ರಾಜ್ಯದ ಸೆನೆಟ್ಟಿಗೆ ಗೆದ್ದು ಬಂದ ಕಪ್ಪು ಮಹಿಳೆ ಅವರು. ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ಆ ಕಂಚಿನ ಮೂರ್ತಿಯು, ಕಿರಿಯರನ್ನು ಚಿತ್ರಕ್ಕೆ ಹೇಗೆ ನಿಲ್ಲಿಸಬೇಕೆಂಬ ನನ್ನ ಸಮಸ್ಯೆಯನ್ನು ಅರ್ಧಕ್ಕರ್ಧ ಪರಿಹರಿಸಿತು. ಅಲ್ಲಿ ಓದುತ್ತಿರುವ ಪರಿಚಿತರ ಮಗಳೊಬ್ಬಳು ತನ್ನ ತೊದಲುಗನ್ನಡದಲ್ಲಿ, "ಅಂಕಲ್, ಗನ್ ಲೈಸೆನ್ಸ್ ತೋರಿಸಿದ್ರೆ ಓಟು ಹಾಕಬಹುದು, ಯೂನಿವರ್ಸಿಟಿ ಕಾರ್ಡ್ ತೋರಿಸಿದ್ರೆ ಆಗಲ್ಲ, ಗೊತ್ತಾ?" ಎಂದಳು. ಗೊತ್ತಿತ್ತು, ಏಳು ಪತ್ರಗಳಲ್ಲಿ ಬಂದೂಕಿನ ಪರವಾನಗಿ ಒಂದು, ವಿದ್ಯಾರ್ಥಿಯ ಗುರುತಿನ ಚೀಟಿ ಯಾವುದೂ ಅಲ್ಲ. ಆದರೆ ಅವಳ ಬಾಯಿಂದ ಕೇಳಿದಾಗ ಅದು ಹೊಸದಾಗಿ ಕೇಳಿಸಿತು. ಹ್ಯೂಸ್ಟನ್ನಿನ ವಿಚಾರವನ್ನು ವಿಸ್ತರಿಸುವುದಿಲ್ಲ. 2018ರಲ್ಲಿ ಅಲ್ಲಿಯ ಹೊರವಲಯದಲ್ಲಿ ಶ್ರೀ ಪ್ರೆಸ್ಟನ್ ಕುಲಕರ್ಣಿಯವರು ಕಾಂಗ್ರೆಸ್ಸಿಗೆ ನಿಂತು ಹಲವು ಭಾಷೆಗಳಲ್ಲಿ ಮನೆಮನೆಗೆ ದೂರವಾಣಿ ಮಾಡಿಸಿ ಸೋತರು. ಮರುವರ್ಷ ಅದೇ ನಗರದ ಕ್ರೀಡಾಂಗಣದಲ್ಲಿ ಭಾರತದ ಪ್ರಧಾನಿಯವರನ್ನೂ ಅಧ್ಯಕ್ಷ ಟ್ರಂಪರನ್ನೂ ನೋಡಲು ಸುಮಾರು 50 ಸಾವಿರ ಜನ ನೆರೆದರು. ಎರಡರಲ್ಲಿಯೂ ಉತ್ಸಾಹದಿಂದ ಓಡಾಡಿದ ಮಹನೀಯರೊಬ್ಬರು ನನ್ನ ಪಂಚೆಯ ಮುಂದೆ ಕುಳಿತು, ಅದರಲ್ಲಿ ಏನೂ ವಿರೋಧವಿಲ್ಲವೆಂಬಂತೆ ನಕ್ಕರು. ಅಂಕಣದಲ್ಲಿ ಅವರನ್ನು ಎಲ್ಲಿ ಬರೆಯುತ್ತಾರೋ!

ಇನ್ನು ಉಳಿದವರೊಬ್ಬರು. ನಮ್ಮ ಊರಿನವರೇ, ಹಾಸನದ ಕಡೆಯ ಎಂಜಿನಿಯರು; ಈ ದೇಶಕ್ಕೆ ಬಂದು ಒಂದೂವರೆ ದಶಕದ ಮೇಲಾಗಿದ್ದರೂ, ಹಸಿರು ಚೀಟಿಯ ಸಾಲಿನಲ್ಲಿ ಇನ್ನೂ ನಿಂತೇ ಇದ್ದಾರೆ. ಯಾವ ಒಂದು ದೇಶದವರಿಗೂ ವರ್ಷದ ವೀಸಾಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಬಂಧನೆಯ ದೆಸೆಯಿಂದ, ಭಾರತೀಯರ ಆ ಸಾಲು ಕೆಲವರ ಆಯುಸ್ಸಿಗಿಂತ ಉದ್ದವಾಗಿದೆ. ಚೀಟಿ ಬಂದಮೇಲೂ ಮತವಿಲ್ಲ. ಪೌರತ್ವಕ್ಕೆ ಮತ್ತೆ ಐದು ವರ್ಷ. ಭಾರತದಲ್ಲಿ ಹಾಕೋಣವೆಂದರೆ, ಅನಿವಾಸಿಯು ಖುದ್ದಾಗಿ ಊರಿನ ಮತಗಟ್ಟೆಗೆ ಹೋಗಿ ನಿಲ್ಲಬೇಕು. ವೀಸಾದ ಮೊಹರಿಗೆ ಹೆದರಿ ಅವರು ಊರಿಗೇ ಹೋಗುವಂತಿಲ್ಲ. ರಾಜ್ಯದಲ್ಲಿ ವರಮಾನ ತೆರಿಗೆಯಿಲ್ಲವೆಂಬ ಕೊರತೆಯನ್ನು ನೀಗಿಸುವಷ್ಟು ಮನೆಗಂದಾಯವನ್ನು ವರ್ಷವರ್ಷವೂ ತೆರುತ್ತಾರೆ. ಅದರ ದೊಡ್ಡ ಪಾಲು ಹೋಗುವ ಶಾಲೆಗಳ ಆಡಳಿತ ಮಂಡಲಿಯ ಚುನಾವಣೆ ಬಂದಾಗ, ಮತವಿದ್ದ ನಾವು ಮರೆತು ಮನೆಯಲ್ಲಿರುತ್ತೇವೆ. ಮತವಿಲ್ಲದ ಅವರು ಅಭ್ಯರ್ಥಿಗಳ ಹೆಸರುಗಳನ್ನು ನಮಗೆ ಒಪ್ಪಿಸುತ್ತಾರೆ. ಗ್ಯಾರೇಜಿನ ಮುಂದೆ ಹಾದುಹೋಗುತ್ತಿದ್ದವರು ನಿಂತು ಕೇಳಿದರು:

"ಓಟಿಲ್ಲದವರ ಫೋಟೋ ತೆಗೆಯಲ್ವಾ ಸಾರ್?"

ಯೋಜನೆಗೆ ನಾನು ಇಟ್ಟಿದ್ದ ಹೆಸರು 'ಮತದಾರರು'. ಅದನ್ನು ನಮ್ಮವರ ಸಮಾರಂಭದಲ್ಲಿ ಪ್ರದರ್ಶಿಸಬಯಸಿದ್ದ ಸ್ನೇಹಿತರು, ಮತವಿಲ್ಲದವರನ್ನು ಅದರಲ್ಲಿ ಸೇರಿಸುವುದು ಅಸಮಂಜಸವೆಂದು ನಯವಾಗಿ ಸೂಚಿಸಿದ್ದರು. ನಾನು ಕುರ್ಚಿಯನ್ನು ತೋರಿಸಿದೆ; ಎಂಜಿನಿಯರು ಕುಳಿತರು. ಕಡೆಯ ಸಲ ಓಟು ಹಾಕಿದ್ದನ್ನು ನೆನೆಸಿಕೊಳ್ಳಿ ಎಂದೆ. ಬಹಳ ಹೊತ್ತು ನೆನೆದರು. ಕಾಲೇಜಿನಲ್ಲಿದ್ದಾಗ ಹಾಸನದಲ್ಲಿ ಹಾಕಿದ್ದೇ ಮೊದಲನೆಯದು, ಅದೇ ಕೊನೆಯದು. ಯಾರಿಗೆಂದು ಅವರೂ ಹೇಳಲಿಲ್ಲ. ಚಿತ್ರವು ಈವರೆಗಿನವುಗಳಲ್ಲಿ ಶ್ರೇಷ್ಠವಾದುದೆಂದು, ನನ್ನ ಕೆಲಸವನ್ನು ಹೊಗಳುವ ಅಭ್ಯಾಸವಿಲ್ಲದ ನನ್ನ ಶ್ರೀಮತಿಯವರೇ ಅಂದರು.

ಎಂಜಿನಿಯರ ಮಗಳು ಇಲ್ಲಿಯೇ ಹುಟ್ಟಿದವಳಾದ್ದರಿಂದ ಹುಟ್ಟಿನಿಂದಲೇ ಪೌರಳು. 2028ರ ನವೆಂಬರಿನ ಹೊತ್ತಿಗೆ ಅವಳಿಗೆ ಹದಿನೆಂಟು ತುಂಬಿರುತ್ತದೆ; ಇಪ್ಪತ್ತೊಂದಾದರೆ ಅವಳೇ ತಂದೆಗಾಗಿ ಅರ್ಜಿ ಹಾಕಬಹುದು, ಆ ಅರ್ಜಿಗೆ ಶೇಕಡಾ 7ರ ಅಡ್ಡಿಯೂ ಇಲ್ಲ. ತಂದೆ ಸಾಲಿನಲ್ಲಿ ನಿಂತು ಪಡೆಯುವುದಕ್ಕಿಂತ ಮುಂಚೆ ಮಗಳು ಬೆಳೆದು ಕೊಡಿಸುವ ಸಂಭವವೇ ಹೆಚ್ಚೆಂದು ಅವರು ಲೆಕ್ಕ ಹಾಕಿಟ್ಟಿದ್ದಾರೆ. ಅವಳು ಮೊದಲ ಓಟು ಹಾಕಿ ಬಂದ ದಿನ ಇದೇ ಕುರ್ಚಿಯಲ್ಲಿ ಕೂರಿಸಿ ಚಿತ್ರ ತೆಗೆಯಬೇಕೆಂದು ನನ್ನಿಂದ ಮಾತು ತೆಗೆದುಕೊಂಡು, ಎದ್ದು ಹೊರಡುವಾಗ ಗೋಡೆಯ ಕಡೆಗೊಮ್ಮೆ ನೋಡಿ, "ಅಲ್ಲಿವರೆಗೂ ಆ ಪಂಚೆ ಉಟ್ಟುಗಿಟ್ಟು ಹಾಳು ಮಾಡಬೇಡಿ ಸಾರ್" ಎಂದರು.